ಪಿಕಪ್ ಕಳೆದುಕೊಂಡ ಯೆಜ್ಡಿ

ಮಕ್ಕಳೇ, ‘ಗಾಡಿ ಪಿಕಪ್ಪ ತಗೊಳ್ಳವಲ್ದು’ ಎಂಬ ಮಾತನ್ನು ನೀವು ಗ್ಯಾರೇಜಿನ ಮುಂದೆ ಎಂದಾದರೂ ಕೇಳಿಯೇ ಇರುತ್ತೀರಿ. ಈ ಪಿಕಪ್ ಎಂದರೇನು? ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಅದಕ್ಕೆ ವೇಗೋತ್ಕರ್ಷ ಎಂಬ ಹೆಸರಿದೆ. ಗಾಡಿ ಎಷ್ಟು ಜೋರಾಗಿ ಓಡುತ್ತದೆ ಎಂಬುದು ವೇಗ. ಆ ವೇಗ ಎಷ್ಟು ಬೇಗ ಹೆಚ್ಚುತ್ತದೆ ಎಂಬುದು ವೇಗೋತ್ಕರ್ಷ. ಎರಡೂ ಒಂದೇ ಅಲ್ಲ. ರೈಲು ಅಳಿಲಿಗಿಂತ ಬಹಳ ವೇಗವಾಗಿ ಓಡುತ್ತದೆ. ಆದರೆ ನಿಂತಲ್ಲಿಂದ ಚಂಗನೆ ಹಾರಿ ಓಡುವ ವಿಷಯದಲ್ಲಿ ಅಳಿಲೇ ಮುಂದು! ರೈಲು ನಿಲ್ದಾಣ ಬಿಟ್ಟು ವೇಗ ಹಿಡಿಯುವಷ್ಟರಲ್ಲಿ ಅಳಿಲು ಮರದ ತುದಿಯಲ್ಲಿರುತ್ತದೆ.

ನಮ್ಮ ಮನೆಯಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ ಇದೆ. ಅದರ ಹೆಸರು ಯೆಜ್ಡಿ. ಅದಕ್ಕೆ ವೇಗವೇನೋ ಇತ್ತು, ವೇಗೋತ್ಕರ್ಷವೇ ಇರಲಿಲ್ಲ. ಆ ರೋಗವನ್ನು ಹುಡುಕಿದ ಕತೆಯನ್ನು ಇಂದು ನಿಮಗೆ ಹೇಳುತ್ತೇನೆ.

ಯೆಜ್ಡಿ ನಮ್ಮ ರಾಜ್ಯದ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 1929ರಲ್ಲಿ ಚೆಕೊಸ್ಲೊವಾಕಿಯಾ ದೇಶದಲ್ಲಿ ಜಾನೆಚೆಕ್ ಎಂಬುವವರು ವಾಂಡರರ್ ಎಂಬ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು ಗಾಡಿ ಮಾಡತೊಡಗಿದರು. ಜಾನೆಚೆಕ್‌ನ ‘ಜಾ’, ವಾಂಡರರ್‌ನ ‘ವಾ’ ಸೇರಿ ‘ಜಾವಾ’ ಆಯಿತು. ಅದೇ ಗಾಡಿ 1961ರಿಂದ ಮೈಸೂರಿನಲ್ಲಿ ತಯಾರಾಯಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೊಸ ಹೆಸರು ಬಂತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಅಂಗಡಿಗಳಲ್ಲಿ ಕಾಣುವ ಜಾವಾ, ಯೆಜ್ಡಿಗಳು 2018 ಮತ್ತು 2022ರಲ್ಲಿ ಬೇರೆ ಕಂಪನಿ ಹೊರತಂದ ಹೊಸ ಬಗೆಯವು. ಹೆಸರು ಮಾತ್ರ ಹಳೆಯದು. ಹಳೆಯ ಯೆಜ್ಡಿಯನ್ನು ಗುರುತಿಸುವುದು ಸುಲಭ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಎಡಕ್ಕೊಂದು ಬಲಕ್ಕೊಂದು. ಇನ್ನೊಂದು ಸೋಜಿಗವೆಂದರೆ ಅದರ ಕಿಕ್ ಹೊಡೆಯುವ ಸಲಾಕೆಯೇ ಮುಂದಕ್ಕೆ ಮಡಚಿದರೆ ಗೇರ್ ಹಾಕುವ ಸಲಾಕೆ!

ನಮ್ಮ ಅಪ್ಪ ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದರು. 1982ರಲ್ಲಿ ಈ ಗಾಡಿ ತಂದರು. ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಹುನಗುಂದ, ಅಮೀನಗಡ, ಗುಳೇದಗುಡ್ಡ, ಬಾದಾಮಿ ಎಂದು ತಿರುಗುತ್ತಿದ್ದರು. ಬನದ ಹುಣ್ಣಿಮೆಗೆ ಅವ್ವನನ್ನು ಕೂರಿಸಿಕೊಂಡು ಬನಶಂಕರಿ ಜಾತ್ರೆಗೆ ಹೋಗುತ್ತಿದ್ದುದೂ ಇದರ ಮೇಲೆಯೇ. ಅಪ್ಪ ತೀರಿದ ಮೇಲೆ ಗಾಡಿ ಹಿತ್ತಲ ಪತ್ರಾಸಿನ ಶೆಡ್ಡಿನಲ್ಲಿ ಹಲವು ವರ್ಷ ನಿಂತೇ ಇತ್ತು. ನಮ್ಮ ಅಣ್ಣ ಅದನ್ನು ದೂರದ ಪಟ್ಟಣವೊಂದಕ್ಕೆ ಕಳಿಸಿ ಹೊಸದು ಮಾಡಿಸಿದ. ಬಣ್ಣ ಬಂತು, ಟೈರು ಬಂತು, ಸೀಟು ಬಂತು. ಸೈಲೆನ್ಸರುಗಳಿಗೆ ಕ್ರೋಮ್ ಲೇಪ ಹಾಕಿಸಿದ್ದರಿಂದ ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು.

ಆದರೆ ಗಾಡಿ ಏರು ಹತ್ತುತ್ತಿರಲಿಲ್ಲ. ಸಪಾಟು ರಸ್ತೆಯಲ್ಲಿ ಸಾವಕಾಶ ಹೋದರೆ ಏನೂ ತೊಂದರೆಯಿಲ್ಲ. ಒಂದೇ ಕಿಕ್ಕಿಗೆ ಶುರುವಾಗುತ್ತಿತ್ತು, ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತಿತ್ತು. ಎಕ್ಸಲೇಟರ್ ತಿರುವಿದರೆ ಮಾತ್ರ ‘ಬೂಂ’ ಎಂದು ಉಸಿರುಗಟ್ಟಿದ ದನಿ ತೆಗೆದು ಅಲ್ಲೇ ನಿಂತಂತಾಗುತ್ತಿತ್ತು. ಇಳಕಲ್ಲಿನ ಹೆದ್ದಾರಿಯಲ್ಲಿ ಕೆಂಪು ಗ್ರಾನೈಟ್ ಕಲ್ಲು ಹೇರಿದ ಲಾರಿಗಳು ಹಗಲಿರುಳು ಓಡುತ್ತವೆ. ಏರಿನಲ್ಲಿ ಅಂಥ ಲಾರಿ ಹಿಂದೆ ಬಂದು ಹಾರ್ನ್ ಹೊಡೆಯುವಾಗ ನಮ್ಮ ಗಾಡಿ ಮುಂದಕ್ಕೂ ಹೋಗದೆ ತೆವಳಿದರೆ ಎದೆ ಡವಡವ ಎನ್ನುತ್ತದೆ. ಇದು ತಮಾಷೆಯ ಮಾತಲ್ಲ.

ಅಣ್ಣ ಬೇಸತ್ತು, “ನೋಡಾಕ ಚಂದ ಐತಿ. ಏರ ಬಂದ್ರ ಎತ್ತ ಕಟ್ಟಬೇಕು. ಗಿರಾಕಿ ಬಂದಾನ, ಕೊಟ್ಟಬಿಡೂನು” ಎಂದ. ಅವ್ವ ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ತಮ್ಮಾ, ನೀ ಸೈನ್ಸ್ ಮಾಸ್ತರ ಅದಿ. ಒಂದಸಲ ನೋಡಪಾ. ಈ ಜಾತ್ರಿಗೆ ಇದರ ಮ್ಯಾಲ ಹೋಗೂ ಆಸೆ ಐತಿ” ಎಂದಳು. ಬನದ ಹುಣ್ಣಿಮೆಗೆ ಇನ್ನು ಐದು ವಾರ ಉಳಿದಿತ್ತು. ಅಲ್ಲಿಯವರೆಗೆ ತಡೆಯಲು ಅಣ್ಣ ಒಪ್ಪಿದ.

ಗ್ಯಾರೇಜೊಂದರಲ್ಲಿ ತೋರಿಸಿದಾಗ ಗಾಡಿ ಮುಟ್ಟುವ ಮೊದಲೇ ಉತ್ತರ ಬಂತು: “ಬೋರ್ ಹೋಗೇತ್ರಿ ಸರ. ಬೋರ್ ಹೊಡಿಸಿ ಹೊಸಾ ಪಿಸ್ಟನ್ ಹಾಕ್ಬೇಕ್ರಿ.” ಸಾವಿರಾರು ರೂಪಾಯಿ ಖರ್ಚು. ಇರಬಹುದು. ಆದರೆ ನಾಡಿ ಹಿಡಿಯದೆ ಔಷಧ ಬರೆಯುವ ವೈದ್ಯರ ಬಳಿ ನೀವು ಹೋಗುತ್ತೀರಾ?

ನಾನು ಮೊದಲು ಮಾಡಿದ ಕೆಲಸ ಅಳತೆ. ‘ಪಿಕಪ್ ಕಡಿಮೆ’ ಎಂದರೆ ಎಷ್ಟು ಕಡಿಮೆ? ಇಂದು ಏನಾದರೂ ರಿಪೇರಿ ಮಾಡಿ ‘ನಾಳೆ ಸ್ವಲ್ಪ ಸುಧಾರಿಸಿದೆ ಅನಿಸುತ್ತದೆ’ ಎಂದರೆ ಅದನ್ನು ನಂಬುವಂತಿಲ್ಲ. ಅನಿಸಿಕೆ ಮನಸ್ಸಿಗೆ ಬಂದಂತೆ ಬದಲಾಗುತ್ತದೆ, ಅಂಕಿ ಹಾಗಲ್ಲ. ಗಾಡಿಯ ಮೀಟರು ಸರಿಯಿದೆಯೇ ಎಂದು ಕಿಲೋಮೀಟರ್ ಕಲ್ಲುಗಳಿಂದ ಪರೀಕ್ಷಿಸಿದೆ. ಮುಳ್ಳನ್ನು 40ರ ಮೇಲೆ ನಿಲ್ಲಿಸಿ ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಹೋದರೆ 90 ಸೆಕೆಂಡು ಹಿಡಿಯಬೇಕು. (ಹೇಗೆ? ನೀವೇ ಲೆಕ್ಕ ಹಾಕಿ.) 91 ಸೆಕೆಂಡು ಹಿಡಿಯಿತು. ಮೀಟರನ್ನು ನಂಬಬಹುದು.

ಭಾನುವಾರ ಬೆಳಗ್ಗೆ ಊರ ಹೊರಗಿನ ಸಪಾಟಾದ, ಜನರಿಲ್ಲದ ಒಳರಸ್ತೆಗೆ ಹೋದೆ. ಮೂರನೇ ಗೇರಿನಲ್ಲಿ 20 ಕಿ.ಮೀ. ವೇಗದಿಂದ ಎಕ್ಸಲೇಟರನ್ನು ಪೂರ್ತಿ ತಿರುವಿ 50 ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು? ಗಾಡಿ ಓಡಿಸುವಾಗ ಗಡಿಯಾರ ನೋಡುವುದು ಅಪಾಯ. ಅದಕ್ಕೆ ಮೊಬೈಲ್ ಫೋನಿನಲ್ಲಿ ದನಿಮುದ್ರಣ ಶುರು ಮಾಡಿ ಜೇಬಿನಲ್ಲಿಟ್ಟುಕೊಂಡೆ. ಮುಳ್ಳು 20 ಮುಟ್ಟಿದಾಗ ‘ಹೂಂ’ ಎಂದೆ, 50 ಮುಟ್ಟಿದಾಗ ಮತ್ತೆ ‘ಹೂಂ’ ಎಂದೆ. ಮನೆಗೆ ಬಂದು ಎರಡು ಹೂಂಗಳ ನಡುವಿನ ಸಮಯ ನೋಡಿದರಾಯಿತು. ಗಾಳಿಯ ಪರಿಣಾಮ ಕಳೆಯಲು ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ ಓಡಿಸಿ ಸರಾಸರಿ ತೆಗೆದೆ. 12 ಸೆಕೆಂಡು.

ಈಗ ಗಂಟೆಗೆ 30 ಕಿ.ಮೀ. ಎಂದರೆ ಸೆಕೆಂಡಿಗೆ 8.33 ಮೀಟರ್. ಅದನ್ನು 12ರಿಂದ ಭಾಗಿಸಿದರೆ 0.69. ಅಂದರೆ ಪ್ರತಿ ಸೆಕೆಂಡಿಗೂ ಗಾಡಿಯ ವೇಗ ಸೆಕೆಂಡಿಗೆ 0.69 ಮೀಟರಿನಷ್ಟು ಹೆಚ್ಚುತ್ತಿತ್ತು.

ಏರಿನಲ್ಲಿ ಏಕೆ ಅಷ್ಟು ಕಷ್ಟ ಎಂಬುದು ಈ ಅಂಕಿಯಿಂದಲೇ ತಿಳಿಯುತ್ತದೆ. ಈ ಭಾಗ ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನವಾಗಿ ಓದಿ. ಗಾಡಿಯ ತೂಕ ಸುಮಾರು 140 ಕಿಲೋ, ನಾನು 60 ಕಿಲೋ, ಒಟ್ಟು 200. ಇಷ್ಟನ್ನು ಆ ದರದಲ್ಲಿ ವೇಗ ಹೆಚ್ಚಿಸಲು ಬೇಕಾದ ಬಲ, ನಾವು 14 ಕಿಲೋ ಭಾರವನ್ನು ಕೈಯಲ್ಲಿ ಎತ್ತಿ ಹಿಡಿಯಲು ಹಾಕುವ ಬಲದಷ್ಟು. ಅಂದರೆ ಎಂಜಿನ್ನಿನ ಬಳಿ ಉಳಿತಾಯವಿದ್ದ ಬಲ ಅಷ್ಟೇ. ನಮ್ಮ ದಾರಿಯ ಏರನ್ನು ಮೀಟರ್ ಪಟ್ಟಿ ಮತ್ತು ಅರ್ಧ ನೀರಿರುವ ಬಾಟಲಿಯಿಂದ ಅಳೆದೆ. ರಸ್ತೆಯ ಮೇಲೆ ಪಟ್ಟಿ ಇಟ್ಟು, ಅದರ ಮೇಲೆ ಬಾಟಲಿ ಮಲಗಿಸಿ, ನೀರು ಸಮನಾಗುವವರೆಗೆ ಪಟ್ಟಿಯ ಕೆಳತುದಿಯನ್ನು ಎತ್ತಿದರೆ 5 ಸೆಂ.ಮೀ. ಸಂದಿ ಬಂತು. 100 ಸೆಂ.ಮೀ.ಗೆ 5, ಅಂದರೆ 20ಕ್ಕೆ 1. ಇಂಥ ಏರಿನಲ್ಲಿ ಭೂಮಿ ಗಾಡಿಯನ್ನು ಅದರ ತೂಕದ 20ನೇ ಒಂದು ಭಾಗದಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ನಾನೊಬ್ಬನೇ ಇದ್ದರೆ 10 ಕಿಲೋದಷ್ಟು. 14ರಲ್ಲಿ 10 ಹೋದರೆ ಉಳಿದದ್ದು 4. ಹಿಂದೆ 60 ಕಿಲೋ ತೂಕದ ಅವ್ವ ಕೂತರೆ ಒಟ್ಟು 260 ಕಿಲೋ, ಜಗ್ಗುವ ಬಲ 13. ಉಳಿದದ್ದು ಬರೀ 1! ಎದುರುಗಾಳಿ ಬೀಸಿದರೆ ಅದೂ ಇಲ್ಲ. ಸಪಾಟಿನಲ್ಲಿ ‘ಸ್ವಲ್ಪ ಮಂದ’ ಎನಿಸಿದ ಗಾಡಿ ಏರಿನಲ್ಲಿ ಪೂರ್ತಿ ಸೋಲುವುದು ಇದಕ್ಕೇ.

ಇನ್ನು ರೋಗ ಹುಡುಕುವ ಕೆಲಸ. ಎಂಜಿನ್ನಿನಲ್ಲಿ ಬಲ ಹುಟ್ಟುತ್ತಲೇ ಇಲ್ಲವೋ, ಹುಟ್ಟಿದ ಬಲ ಚಕ್ರ ಮುಟ್ಟುವಷ್ಟರಲ್ಲಿ ಸೋರುತ್ತಿದೆಯೋ? ಕ್ಲಚ್ ಜಾರುತ್ತಿದ್ದರೆ ಎಂಜಿನ್ನಿನ ದನಿ ಏರುತ್ತದೆ, ಗಾಡಿ ಮಾತ್ರ ಓಡುವುದಿಲ್ಲ. ನಮ್ಮದರಲ್ಲಿ ದನಿಯೇ ಏರುತ್ತಿರಲಿಲ್ಲ. ಆದ್ದರಿಂದ ಕ್ಲಚ್ ನಿರಪರಾಧಿ. ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುವಿದೆ. ಎರಡು ಸುತ್ತಿಗೇ ನಿಂತಿತು. ಬ್ರೇಕ್ ಸ್ವಲ್ಪ ಹಿಡಿದುಕೊಂಡಿತ್ತು. ಅದನ್ನು ಸಡಿಲಿಸಿ ಮತ್ತೆ ಅಳೆದೆ. 11 ಸೆಕೆಂಡು. ಒಂದು ಕಳ್ಳ ಸಿಕ್ಕ, ಆದರೆ ಸಣ್ಣ ಕಳ್ಳ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದನ್ನು ಗಮನಿಸಿದಿರಾ? ಬ್ರೇಕು, ಪ್ಲಗ್ಗು, ಪೆಟ್ರೋಲು ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದರಿಂದ ಎಷ್ಟು ಗುಣವಾಯಿತು ಎಂದು ಹೇಳಲು ಬರುತ್ತಿರಲಿಲ್ಲ.

ಗಾಳಿಯ ಜಾಲರಿ ಹೊಸದು, ಶುಭ್ರವಾಗಿತ್ತು. ಪೆಟ್ರೋಲ್ ನಳಿಕೆಯನ್ನು ಬಿಚ್ಚಿ ಬಾಟಲಿಗೆ ಬಿಟ್ಟರೆ ಧಾರೆ ಧಾರಾಳವಾಗಿ ಬಂತು. ಕಿಡಿ ನೀಲಿಯಾಗಿ ಹಾರಿತು. ಪ್ಲಗ್ಗಿನ ತುದಿ ಮಾತ್ರ ಕಪ್ಪಾಗಿ, ಎಣ್ಣೆ ಎಣ್ಣೆಯಾಗಿತ್ತು. ಆರೋಗ್ಯವಂತ ಎಂಜಿನ್ನಿನ ಪ್ಲಗ್ ಚಹಾದ ಬಣ್ಣಕ್ಕಿರುತ್ತದೆ. ಕಪ್ಪು ಮಸಿ ಎಂದರೆ ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ ಎಂದರ್ಥ. ಒಲೆಗೆ ಗಾಳಿ ಸಾಲದಿದ್ದರೆ ಹೊಗೆ, ಮಸಿ ಹೆಚ್ಚಾಗುವುದಿಲ್ಲವೇ, ಹಾಗೆ. ಒಳಬರುವ ಗಾಳಿಯ ದಾರಿ ಸರಿಯಿದೆ. ಆದರೂ ಉರಿಯಲು ಆಮ್ಲಜನಕ ಸಾಲುತ್ತಿಲ್ಲ! ಇದು ಹೇಗೆ?

ಆ ಹೊತ್ತಿಗೆ ನಮ್ಮ ಓಣಿಯ ಹಿರಿಯ ಮಿಸ್ತ್ರಿಯೊಬ್ಬರು ಜೊತೆಯಾದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಅಪ್ಪನ ಕಾಲದಿಂದ ಯೆಜ್ಡಿ ರಿಪೇರಿ ಮಾಡಿದ ಕೈ. “ಚಾಚಾ, ಬೋರ್ ಹೋಗೇತಂತ್ರಿ” ಎಂದೆ. ಅವರು ಕಿಕ್ ಸಲಾಕೆಯ ಮೇಲೆ ಹಾಗೇ ಕಾಲಿಟ್ಟು ಭಾರ ಹಾಕಿದರು. ಅದು ಒಮ್ಮೆಗೇ ಕುಸಿಯಲಿಲ್ಲ. ತುಸು ತಡೆದು ಸಾವಕಾಶ ಇಳಿಯಿತು. “ಬೋರ್ ಹೋಗಿದ್ರ ಹಿಂಗ್ ತಡಿತಿತ್ತೇನ್ರಿ ಸರ? ಒಳಗ ಗಾಳಿ ಗಟ್ಟಿ ಐತಿ” ಎಂದರು. ಸಿಲಿಂಡರಿನ ಒಳಗೆ ಅನಿಲವನ್ನು ಒತ್ತಿ ಹಿಡಿಯುವ ಶಕ್ತಿ, ಅಂದರೆ ಸಂಪೀಡನ, ಚೆನ್ನಾಗಿತ್ತು. ಸಾವಿರಾರು ರೂಪಾಯಿಯ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ಉತ್ತರ ಸಿಕ್ಕಿತು.

ಮುಂದಿನದು ತಿಳಿಯಬೇಕಾದರೆ ಈ ಎಂಜಿನ್ ಉಸಿರಾಡುವ ಬಗೆ ಗೊತ್ತಿರಬೇಕು. ಹಳೆಯ ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಸಿಲಿಂಡರಿನ ಗಾತ್ರದ ಸೂತ್ರ ಗೊತ್ತಿದ್ದವರು 3.14 × 3.25 × 3.25 × 7.5 ಎಂದು ಗುಣಿಸಿ ನೋಡಿ. ಸುಮಾರು 250 ಘನ ಸೆಂ.ಮೀ. ಬರುತ್ತದೆ. ‘250 ಸಿ.ಸಿ. ಗಾಡಿ’ ಎನ್ನುವುದು ಇದಕ್ಕೆ. ಇದರಲ್ಲಿ ಈಗಿನ ಗಾಡಿಗಳಲ್ಲಿರುವಂತೆ ತೆರೆದು ಮುಚ್ಚುವ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿವೆ, ಪಿಸ್ಟನ್ನೇ ಅವುಗಳ ಬಾಗಿಲು. ಪಿಸ್ಟನ್ ಮೇಲಕ್ಕೆ ಹೋಗುವಾಗ ಮೇಲಿನ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಒತ್ತುತ್ತದೆ, ಅದೇ ಹೊತ್ತಿಗೆ ಕೆಳಗಿನ ಕೋಣೆಗೆ ಹೊಸ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕಿಡಿ ಹಾರುತ್ತದೆ, ಮಿಶ್ರಣ ಉರಿದು ಹಿಗ್ಗಿ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಅದು ಇಳಿಯುತ್ತಿದ್ದಂತೆ ಮೊದಲು ಹೊಗೆಯ ಕಿಂಡಿ ತೆರೆಯುತ್ತದೆ, ಮರುಕ್ಷಣವೇ ಹೊಸ ಮಿಶ್ರಣದ ಕಿಂಡಿಯೂ ತೆರೆಯುತ್ತದೆ. ಹೊಸದು ನುಗ್ಗುತ್ತ ಹಳೆಯ ಹೊಗೆಯನ್ನು ಹೊರದಬ್ಬಬೇಕು.

ಜಾತ್ರೆಯ ದಿನ ಬಾದಾಮಿಯ ಬಸ್ಸನ್ನು ನೆನಪಿಸಿಕೊಳ್ಳಿ. ಹಿಂದಿನ ಬಾಗಿಲಿನಿಂದ ಜನ ಏರುತ್ತಿದ್ದಾರೆ, ಮುಂದಿನ ಬಾಗಿಲಿನಿಂದ ಇಳಿಯುತ್ತಿದ್ದಾರೆ. ಮುಂದಿನ ಬಾಗಿಲಿಗೆ ಯಾರೋ ಜೋಳದ ಚೀಲ ಅಡ್ಡ ಇಟ್ಟರೆ ಏನಾಗುತ್ತದೆ? ಇಳಿಯುವವರು ಇಳಿಯಲಾರರು. ಅವರು ಇಳಿಯದೆ ಹೊಸಬರು ಏರಲಾರರು. ಎಂಜಿನ್ನಿನಲ್ಲೂ ಹೊಗೆಯ ದಾರಿ ಕಟ್ಟಿದರೆ ಉರಿದ ಹೊಗೆ ಒಳಗೇ ಉಳಿಯುತ್ತದೆ. ಅದರಲ್ಲಿ ಆಮ್ಲಜನಕ ತೀರಾ ಕಡಿಮೆ. ಹೊಸ ಮಿಶ್ರಣಕ್ಕೆ ಜಾಗವಿಲ್ಲ. ಬಂದಷ್ಟು ಮಿಶ್ರಣವೂ ಸರಿಯಾಗಿ ಉರಿಯುವುದಿಲ್ಲ.

ಸಂಶಯ ಸೈಲೆನ್ಸರಿನ ಮೇಲೆ ಬಂತು. ಇಲ್ಲಿ ಯೆಜ್ಡಿಯ ಎರಡು ಸೈಲೆನ್ಸರುಗಳು ನಮಗೆ ಉಪಕಾರ ಮಾಡಿದವು. ಒಂದೇ ಇದ್ದರೆ ಅದರ ಗಾಳಿ ಹೆಚ್ಚೋ ಕಡಿಮೆಯೋ ಎಂದು ಹೇಗೆ ಹೇಳುವುದು? ಎರಡಿದ್ದರೆ ಒಂದನ್ನು ಇನ್ನೊಂದಕ್ಕೆ ಹೋಲಿಸಬಹುದು. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಶುರು ಮಾಡಿ, ಉದ್ದ ಕೋಲಿಗೆ ಕಾಗದದ ಪಟ್ಟಿ ಕಟ್ಟಿ ಎರಡೂ ತುದಿಗಳ ಹಿಂದೆ ಹಿಡಿದೆವು. (ಇದನ್ನು ನೀವು ಮಾಡಬೇಡಿ. ಈ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣ, ವಾಸನೆ ಇಲ್ಲದ ವಿಷಾನಿಲವಿರುತ್ತದೆ. ಮುಚ್ಚಿದ ಕೋಣೆಯಲ್ಲಂತೂ ಗಾಡಿ ಶುರು ಮಾಡಲೇಬಾರದು.) ಎಡಗಡೆ ಪಟ್ಟಿ ಫಡಫಡ ಬಡಿದುಕೊಂಡಿತು. ಬಲಗಡೆ ಎಮ್ಮೆಯ ಕಿವಿಯಂತೆ ಮೆಲ್ಲಗೆ ಅಲುಗಿತು.

ಚಾಚಾ ಬಲಗಡೆಯ ಸೈಲೆನ್ಸರಿನ ಹಿಂಬದಿಯ ಬೋಲ್ಟ್ ಬಿಚ್ಚಿ, ದನಿ ತಗ್ಗಿಸಲು ಒಳಗಿರಿಸಿದ ತೂತು ತೂತಿನ ಕೊಳವೆಯನ್ನು ಎಳೆದರು. ಸುಲಭಕ್ಕೆ ಬರಲಿಲ್ಲ. ಬಂದಾಗ ನೋಡಬೇಕಿತ್ತು! ಅರ್ಧಕ್ಕೂ ಹೆಚ್ಚು ತೂತುಗಳು ಮುಚ್ಚಿದ್ದವು. ಡಾಂಬರಿನಂಥ ಕಪ್ಪು ಹೆಕ್ಕಳೆ ದಪ್ಪಗೆ ಕಟ್ಟಿತ್ತು. “ಹೊರಗ ಕನ್ನಡಿ, ಒಳಗ ಹಂಚಿನ ಮಸಿ” ಎಂದು ಚಾಚಾ ನಕ್ಕರು. ಎಡಗಡೆಯ ಸೈಲೆನ್ಸರನ್ನು ಅಪ್ಪ ಬಹಳ ವರ್ಷಗಳ ನಂತರ ಹೊಸದಾಗಿ ಹಾಕಿಸಿದ್ದರಂತೆ. ಬಲಗಡೆಯದು 1982ರದೇ.

ಈ ಮಸಿ ಎಲ್ಲಿಂದ ಬಂತು? ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ನಾವು ಲೀಟರಿಗೆ 40 ಮಿ.ಲೀ. ಹಾಕುತ್ತೇವೆ. ಎಂಜಿನ್ನಿನ ಕೀಲುಗಳಿಗೆ ಅದೇ ಜಾರುಕ. ಆ ಎಣ್ಣೆ ಪೆಟ್ರೋಲಿನಷ್ಟು ಚೆನ್ನಾಗಿ ಉರಿಯುವುದಿಲ್ಲ. ಉಳಿದದ್ದು ಇಂಗಾಲವಾಗಿ, ಜಿಗುಟಾಗಿ ದಾರಿಯುದ್ದಕ್ಕೂ ಕೂರುತ್ತದೆ. ಇದೇ ಕಾರಣಕ್ಕೆ ಇಂಥ ಗಾಡಿಗಳು ನೀಲಿ ಹೊಗೆ ಬಿಡುತ್ತವೆ. ಹೊಸ ಮಿಶ್ರಣದ ಒಂದಿಷ್ಟು ಪಾಲು ಉರಿಯದೆಯೇ ಹೊಗೆಯ ಕಿಂಡಿಯಿಂದ ಹೊರಬಿದ್ದು ಹೋಗುವುದೂ ಉಂಟು. ಗಾಳಿ ಕೆಡುತ್ತದೆ ಎಂದೇ ಹೊಗೆಯ ನಿಯಮಗಳು ಬಿಗಿಯಾದಂತೆ ಟೂ ಸ್ಟ್ರೋಕ್ ಬೈಕುಗಳು ರಸ್ತೆಯಿಂದ ಮರೆಯಾದವು. ಅದು ಸರಿಯಾದುದೇ ಎಂದು ನನ್ನ ಅಭಿಪ್ರಾಯ. ನಮ್ಮ ಯೆಜ್ಡಿಯನ್ನು ನಾನು ಶಾಲೆಗೆ ಓಡಿಸುವುದಿಲ್ಲ. ವರ್ಷಕ್ಕೆ ನಾಲ್ಕಾರು ಸಲ ತೆಗೆಯುತ್ತೇವೆ, ಅಷ್ಟೆ.

ಮಸಿಯ ಕೊಳವೆಗಳನ್ನು ಕಮ್ಮಾರರ ಕುಲುಮೆಗೆ ಒಯ್ದೆವು. ಕೆಂಡದಲ್ಲಿಟ್ಟು ತಿದಿ ಒತ್ತಿದಾಗ ಆ ಮಸಿ ತಾನೇ ಕೆಂಪಗೆ ಹೊತ್ತಿಕೊಂಡು ಉರಿಯಿತು. ಆಶ್ಚರ್ಯವೇನಿಲ್ಲ, ಅದೂ ಇದ್ದಿಲಿನಂತೆ ಬಹುಪಾಲು ಇಂಗಾಲವೇ. ಎಂಜಿನ್ನಿನೊಳಗೆ ಸಿಗದ ಆಮ್ಲಜನಕ ಇಲ್ಲಿ ಸಿಕ್ಕಿತು, ಕಾರ್ಬನ್ ಡೈ ಆಕ್ಸೈಡ್ ಆಗಿ ಹಾರಿಹೋಯಿತು. ಮೊದಲು ಮತ್ತು ಆಮೇಲೆ ಕೊಳವೆಗಳನ್ನು ಶಾಲೆಯ ತಕ್ಕಡಿಯಲ್ಲಿ ತೂಗಿದ್ದೆ. ಬಲಗಡೆಯದರಲ್ಲಿ 62 ಗ್ರಾಂ ಕಡಿಮೆಯಾಗಿತ್ತು, ಎಡಗಡೆಯದರಲ್ಲಿ 21 ಗ್ರಾಂ. ಸಿಲಿಂಡರಿನ ಹೊಗೆ ಕಿಂಡಿಗಳನ್ನು ಚಾಚಾ ಬಿದಿರಿನ ಚಕ್ಕೆಯಿಂದ ಕೆರೆದರು. “ಕಬ್ಬಿಣದ್ಯಾಕ ಬ್ಯಾಡ್ರಿ ಚಾಚಾ?” ಎಂದು ಕೇಳಿದೆ. “ಪಿಸ್ಟನ್ ಅಲ್ಯುಮಿನಿಯಂ ಐತ್ರಿ ಸರ. ಗೀರು ಬಿತ್ತಂದ್ರ ನಿಜವಾಗ್ಲೂ ಬೋರ್ ಹೊಡಿಸ್ಬೇಕಾಕ್ಕೇತಿ” ಎಂದರು. ಮೆದು ಲೋಹವನ್ನು ಗಟ್ಟಿ ಲೋಹ ಗೀರುತ್ತದೆ, ಬಿದಿರು ಗೀರುವುದಿಲ್ಲ.

ಮರುದಿನ ಅದೇ ರಸ್ತೆ, ಅದೇ ಗೇರು, ಆರು ಸಲದ ಅದೇ ಸರಾಸರಿ. 6.5 ಸೆಕೆಂಡು! ಉಳಿತಾಯದ ಬಲ 14 ಕಿಲೋದಿಂದ 26 ಕಿಲೋದಷ್ಟಕ್ಕೆ ಏರಿತು. ಸಪಾಟಿನಲ್ಲಿ ಇದು ಎರಡು ಪಟ್ಟಿಗೂ ಕಡಿಮೆ. ಆದರೆ ಅವ್ವನನ್ನು ಕೂರಿಸಿಕೊಂಡು ಅದೇ ಏರಿನಲ್ಲಿ ಎಷ್ಟು ಉಳಿಯುತ್ತದೆ ನೋಡಿ: 26ರಲ್ಲಿ 13 ಹೋದರೆ 13. ಮೊದಲು 1 ಇದ್ದದ್ದು! ಬನದ ಹುಣ್ಣಿಮೆಯ ಮುಂಜಾನೆ ಅವ್ವ ಇಳಕಲ್ ಸೀರೆಯ ಸೆರಗನ್ನು ಬಿಗಿದು ಕಟ್ಟಿಕೊಂಡು ಹಿಂದೆ ಕೂತಳು. ಅಮೀನಗಡದಲ್ಲಿ ಕರದಂಟು ಕೊಂಡೆವು. ಏರನ್ನು ಮೂರನೇ ಗೇರಿನಲ್ಲೇ ಹತ್ತಿದೆವು. ಗಿರಾಕಿಗೆ ಅಣ್ಣ ಏನು ಹೇಳಿ ಕಳಿಸಿದನೋ, ಆತ ಮತ್ತೆ ಬರಲಿಲ್ಲ.

ನಿಧಾನವಾಗಿ ಹೋಗುವಾಗ ಗಾಡಿ ಚೆನ್ನಾಗಿತ್ತು, ಜೋರು ಮಾಡಿದಾಗ ಮಾತ್ರ ಸೋಲುತ್ತಿತ್ತು. ಏಕೆ? ಇದನ್ನು ನೀವೇ ಮಾಡಿ ತಿಳಿಯಬಹುದು. ಪಪ್ಪಾಯಿ ಎಲೆಯ ದಂಟು ಒಳಗೆ ಪೊಳ್ಳಾಗಿರುತ್ತದೆ. ಒಂದು ಗೇಣು ಕತ್ತರಿಸಿ ಹಾಲು ಹೋಗುವಂತೆ ಚೆನ್ನಾಗಿ ತೊಳೆಯಿರಿ. ದಂಟಿನ ತುದಿಯನ್ನು ಬಾಯಿಗೆ ಒತ್ತಿ, ಮೆಲ್ಲಗೆ ಉಸಿರು ಬಿಡಿ. ಆಮೇಲೆ ಜೋರಾಗಿ ಊದಿ. ಈಗ ದಂಟಿನ ಇನ್ನೊಂದು ತುದಿಯನ್ನು ಬೆರಳಿನಿಂದ ಮುಕ್ಕಾಲು ಮುಚ್ಚಿ ಎರಡನ್ನೂ ಮತ್ತೆ ಮಾಡಿ. ಮೆಲ್ಲಗೆ ಬಿಡುವಾಗ ವ್ಯತ್ಯಾಸ ತಿಳಿಯುವುದೇ? ಜೋರಾಗಿ ಊದುವಾಗ ಕೆನ್ನೆ ಏನಾಗುತ್ತದೆ?

ನಮ್ಮ ಯೆಜ್ಡಿಯ ಪ್ಲಗ್ ಈಗಲೂ ಚಹಾಕ್ಕಿಂತ ಒಂದು ತೂಕ ಕಪ್ಪಾಗಿಯೇ ಇದೆ. ಕಾರ್ಬೋರೇಟರಿನ ಸೂಜಿಯನ್ನು ಒಂದು ಹಲ್ಲು ಇಳಿಸಿ ನೋಡೋಣ ಎಂದಿದ್ದಾರೆ ಚಾಚಾ. ಬರುವ ಭಾನುವಾರ ಫೋನು ಜೇಬಿನಲ್ಲಿಟ್ಟುಕೊಂಡು ಮತ್ತೆ ಹೂಂ ಅನ್ನಬೇಕು.